ಅಧ್ಯಕ್ಷರ ಪಾಸ್‌ವರ್ಡಿಗೆ ಬಾಯಿ ಕಟ್ಟಿದ ವೈರಕ್ಕ

ನಮ್ಮ ಬಸ್ ಕಾರ್ಮಿಕರ ಸಂಘದ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು ವೈರಕ್ಕ. ಡಿಪೋದಲ್ಲಿ ಬಸ್ಸುಗಳ ವೈರಿಂಗ್ ಮಾಡುತ್ತಿದ್ದವಳು. ಮುಷ್ಕರಕ್ಕಿಳಿದು ಕೆಲಸ ಕಳೆದುಕೊಂಡಾಗ ಸಂಘವೇ ಕರೆದು ಕೂರಿಸಿತು. ಮಾತು ಒರಟು, ಕೈ ನಾಜೂಕು. ಲಾಠಿಗೆ ಹೆದರದವಳು, ಹಲ್ಲಿ ಕಂಡರೆ ಮಾತ್ರ ಕುರ್ಚಿ ಹತ್ತುತ್ತಾಳೆ.

ಹೋದ ಸಲದ ಮಹಾಸಭೆಯ ಹೊತ್ತಿಗೆ ವೈಫೈಗೆ ಎಲ್ಲರದೂ ಒಂದೇ ಪಾಸ್‌ವರ್ಡ್. ಬೀದಿಗೆ ಬೀದಿಯೇ ಅದರಲ್ಲಿ ಸಿನಿಮಾ ನೋಡುತ್ತಿತ್ತು. ಬೇರೆ ಡಿಪೋಗಳಿಗೆ ನೇರ ಪ್ರಸಾರವಾಗುತ್ತಿದ್ದ ಅಧ್ಯಕ್ಷರ ಭಾಷಣ ನಡುವೆಯೇ ಸಿಕ್ಕಿಹಾಕಿಕೊಂಡು, ಅವರು ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟರು, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.

"ಈ ಸಲಾನೂ ಕೈಕೊಟ್ರೆ ಈ ಕೆಲಸ ನನ್ನ ಭಾಮೈದಂಗೆ," ಎಂದು ಈ ಸಲದ ಸಭೆ ಹತ್ತಿರ ಬಂದಾಗ ಅಧ್ಯಕ್ಷರು ಸಾರಿದರು.

ವೈರಕ್ಕ ಬಾಗಿಲು ಕಾಯುವ ಸರ್ವರ್ ಒಂದನ್ನು ಕೂರಿಸಿದಳು. ಅದರೊಳಗೊಂದು ಫೈಲು, ಪ್ರತಿ ಸದಸ್ಯರ ಹೆಸರು, ಪಕ್ಕದಲ್ಲಿ ಅವರದೇ ಪಾಸ್‌ವರ್ಡ್. ಎರಡೂ ಹೊಂದಿದರೆ ಒಳಗೆ, ಇಲ್ಲದಿದ್ದರೆ ನಡಿ ಆಚೆ.

"ಗುಟ್ಟು ಮಾಡೋದು ಮಾಲೀಕರ ಬುದ್ಧಿ! ಫೈಲು ಗೋಡೆಗೆ ಅಂಟಿಸು!" ಎಂದು ನಮ್ಮವರೇ ಕೂಗಾಡಿದರು. ಅವಳು ಸಿಟ್ಟಿಗೆದ್ದು ಯಾರೂ ಓದದಂತೆ ಫೈಲಿಗೆ ಬೀಗ ಜಡಿದಳು. ಎಷ್ಟು ಬಿಗಿಯಾಗಿ ಎಂದರೆ, ಆ ಸರ್ವರ್‌ಗೂ ಓದಲಾಗಲಿಲ್ಲ. ಸಭೆಯ ಬೆಳಿಗ್ಗೆ ಒಂದು ನರಪಿಳ್ಳೆಯೂ ಒಳಹೋಗಲಿಲ್ಲ.

"ಕಾವಲುಗಾರನ ಕಣ್ಣಿಗೇ ಬಟ್ಟೆ ಕಟ್ಟಿದೀಯಲ್ಲಕ್ಕಾ!" ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಪ್ಪಾ, ಹಲ್ಲಿರೋವಾಗ್ಲೇ ನಕ್ಕುಬಿಡು," ಎನ್ನುತ್ತ ಅವಳು ಸರ್ವರ್‌ಗೆ ಮಾತ್ರ ಫೈಲು ಓದುವ ಹಕ್ಕು ಕೊಟ್ಟು ಮತ್ತೆ ಚಾಲೂ ಮಾಡಿದಳು. ಎಲ್ಲರೂ ಒಳಗೆ.

ಸಂಜೆ ಭಾಷಣಕ್ಕೆ ಮುಂಚೆ ಅಧ್ಯಕ್ಷರು ವೇದಿಕೆ ಮೇಲೆ ಪಾಸ್‌ವರ್ಡ್ ಒತ್ತುವ ಸರದಿ. ಅವರಿಗೊಂದು ಚಾಳಿ: ಬಾಯಲ್ಲಿ ಹೇಳದೆ ಬೆರಳು ಓಡದು. ಮೈಕ್ ಬೇರೆ ಚಾಲೂ ಇತ್ತು. ಅವರ ಪಾಸ್‌ವರ್ಡೋ, ಘೋಷಣೆ.

"ಎಲ್ಲೀವರೆಗೂ ಹೋರಾಟ..." ಎನ್ನುತ್ತ ಒತ್ತತೊಡಗಿದರು.

"ಗೆಲ್ಲೋವರೆಗೂ ಹೋರಾಟ!" ಇಡೀ ಸಭೆ ಎದ್ದು ನಿಂತಿತು. ಅಭ್ಯಾಸಬಲ!

ಅಧ್ಯಕ್ಷರು ಬೆಚ್ಚಿದರು, ಬೆರಳು ತಪ್ಪಿತು. ಮತ್ತೆ ಒತ್ತಿದರು, ಮತ್ತೆ ಕೂಗು. ಅಧ್ಯಕ್ಷರ ಹೆಸರು ಊರಿಗೇ ಗೊತ್ತು, ಈಗ ಪಾಸ್‌ವರ್ಡೂ ಗೊತ್ತಾಯಿತು. ಎದುರಿನ ಕ್ಷೌರದಂಗಡಿಯವನು ಅಧ್ಯಕ್ಷನಾಗಿ ಒಳಹೊಕ್ಕು ಸಿನಿಮಾ ಹಚ್ಚಿಯೇಬಿಟ್ಟ. ಭಾಮೈದ ತೋಳೇರಿಸಿಕೊಂಡು ಸರ್ವರಿನ ಕಡೆ ಹೊರಟ.

ವೈರಕ್ಕ ಮೈಕ್ ಆರಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರ ಹೆಂಡತಿಯತ್ತ ಬಗ್ಗಿದಳು. "ಅತ್ತಿಗೇ, ಮನೇಲಿ ಇವರನ್ನ ಮುದ್ದಿಗೆ ಏನಂತ ಕರೀತೀರಾ?"

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ಉಸುರಿದರು. ವೈರಕ್ಕ ಕ್ಷೌರದಂಗಡಿಯವನನ್ನು ಆಚೆ ದಬ್ಬಿ, ಫೈಲಿನಲ್ಲಿ ಘೋಷಣೆ ಅಳಿಸಿ, ಆ ಹೆಸರು ಬರೆದು, ಸರ್ವರ್ ಅನ್ನು ಮತ್ತೆ ಎಬ್ಬಿಸಿದಳು. ಅಧ್ಯಕ್ಷರ ಕಿವಿಯಲ್ಲಿ ಹೇಳಿದಳು. ಅವರ ಮುಖದ ಬಣ್ಣ ನಮ್ಮ ಬಾವುಟಕ್ಕಿಂತ ಕೆಂಪಾಯಿತು.

"ಅಯ್ಯೋ, ಬೇರೆ ಏನಾದ್ರೂ ಇಡಮ್ಮಾ!"

"ಯಾಕಣ್ಣಾ? ಜೋರಾಗಿ ಹೇಳ್ಕೊಂಡೇ ಒತ್ತಿ. ಮೈಕ್ ಹಾಕ್ಲಾ?"

ಅಧ್ಯಕ್ಷರು ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ, ಉಸಿರೂ ಬಿಡದೆ ಒತ್ತಿದರು. ಅವರ ಭಾಷಣ ಎಲ್ಲೂ ನಿಲ್ಲದೆ ಎಲ್ಲ ಡಿಪೋಗಳಿಗೂ ಹರಿಯಿತು. ಕೇಳಿದವರ ಕರ್ಮ!

ಕೆಲಸ ವೈರಕ್ಕನ ಕೈಯಲ್ಲೇ ಉಳಿಯಿತು. ಆ ಮುದ್ದಿನ ಹೆಸರು ಏನೆಂದು ಭಾಮೈದ ಇವತ್ತಿಗೂ ಅವಳ ಬೆನ್ನು ಬಿಟ್ಟಿಲ್ಲ.

"ಓದೋ ಹಕ್ಕು ಸರ್ವರ್‌ಗೆ ಮಾತ್ರ ಕಣೋ," ಎನ್ನುತ್ತಾಳೆ.