ಗೊರಗುಂಟೆಪಾಳ್ಯದವರು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಡಬ್ಬಿಯೊಂದರ ಮುಚ್ಚಳ ತೆಗೆದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿದ ವಾಸನೆ ಆರ್.ಟಿ. ನಗರದ ನಮ್ಮ ಎರಡು ಕೋಣೆಯ ಮನೆಯನ್ನೆಲ್ಲ ವಶಪಡಿಸಿಕೊಂಡಿತು. ಶೇಂಗಾ ಹಿಂಡಿ, ಉತ್ತರ ಕರ್ನಾಟಕದವರ ಚಟ್ನಿಪುಡಿ. ಯಾರು ಕೊಟ್ಟರೆಂದು ಕೇಳಿದಳು. ಗೊರಗುಂಟೆಪಾಳ್ಯದಲ್ಲಿ ಒಬ್ಬ ಸ್ನೇಹಿತರ ಮನೆಯವರು ಎಂದೆ. ನನಗೆ ಅಲ್ಲೊಬ್ಬ ಸ್ನೇಹಿತರಿದ್ದರೆಂಬುದು ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಹೊಸ ಸುದ್ದಿ. ಆ ಸ್ನೇಹಿತರ ಮುಖವನ್ನು ನಾನು ಮೊದಲ ಸಲ ನೋಡಿದ್ದು ಹಾರ ಹಾಕಿದ ಫೋಟೋದಲ್ಲಿ ಎಂಬುದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಮನೆಯವರಿಗೆ ಹೇಳದ್ದನ್ನು ಹೊರಗಿನವರಿಗೆ ಹೇಳುವ ಈ ಚಟ ನನಗೆ ಅಂಟಿ ಮೂರು ವರ್ಷವಾಯಿತು.

ನಿವೃತ್ತಿಯಾದ ಮೇಲೆ ಅಕ್ಕನ ಮಗಳು ನನ್ನನ್ನು ಒಂದು ವಾಟ್ಸಾಪ್ ಬಳಗಕ್ಕೆ ಸೇರಿಸಿದಳು. ಹಳೆಯ ಕಾಲದ ಒಬ್ಬ ಗಾಯಕಿಯ ಅಭಿಮಾನಿಗಳ ಬಳಗ ಅದು. ಗಾಯಕಿಯ ಹೆಸರು ಬೇಡ. ಹೇಳಿದರೆ ನೀವು ಇನ್ನೊಬ್ಬರೇ ದೊಡ್ಡವರೆಂದು ವಾದಕ್ಕೆ ನಿಲ್ಲುತ್ತೀರಿ, ನನಗೀಗ ವಾದಿಸುವ ಚೈತನ್ಯವಿಲ್ಲ. ರೇಡಿಯೋದ ಕೋರಿಕೆ ಕಾರ್ಯಕ್ರಮ ಕೇಳಿ ಬೆಳೆದವರೇ ಎಲ್ಲ. ಹಾಗಾಗಿ ಅಲ್ಲಿ ಊರು ಹೇಳಿ ಕರೆಯುವುದು ರೂಢಿ. ನಾನು ಆರ್.ಟಿ. ನಗರ. ಇನ್ನೊಬ್ಬರು ಹೆಬ್ಬಾಳ. ದಿನಕ್ಕೊಬ್ಬರು ಒಂದು ಹಾಡು ಹಾಕಬೇಕು, ಅದು ಯಾಕೆ ಬೇಕೆನಿಸಿತು ಎಂದು ನಾಲ್ಕು ಸಾಲು ಬರೆಯಬೇಕು. ಆ ನಾಲ್ಕು ಸಾಲಿನಲ್ಲೇ ಬಳಗದ ಕಣ್ಣೀರೆಲ್ಲ ಹರಿಯುತ್ತಿತ್ತು. ಹಾಡು ಒಂದು ನೆಪ.

ವರ್ಷದೊಳಗೆ ನನ್ನನ್ನು ಅಡ್ಮಿನ್ ಮಾಡಿದರು. ಕಚೇರಿಯಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ಕಾದವನ ಕೈಗೆ ಅಧಿಕಾರ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಪ್ರತಿ ತಿಂಗಳ ಒಂದನೇ ತಾರೀಖು ಸದಸ್ಯರೆಲ್ಲ ‘ಹಾಜರು’ ಎಂದು ಬರೆಯತಕ್ಕದ್ದು. ಸತತ ಮೂರು ತಿಂಗಳು ಬರೆಯದವರನ್ನು ಕೈಬಿಡತಕ್ಕದ್ದು. ಹೀಗೊಂದು ನಿಯಮ ಹೊರಡಿಸಿದೆ. ಯಾರೂ ವಿರೋಧಿಸಲಿಲ್ಲ. ಯಾರೂ ಓದಿರಲಿಕ್ಕಿಲ್ಲ.

ಗೊರಗುಂಟೆಪಾಳ್ಯದವರು ವಿಜಯಪುರದ ಕಡೆಯವರು, ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ಅಷ್ಟೇ ಗೊತ್ತಿತ್ತು. ಅವರ ಪರಿಚಯ ಗಟ್ಟಿಯಾಗಿದ್ದು ನಾನು ಅಣ್ಣನ ವಿಷಯ ಬರೆದ ದಿನ. ಅಣ್ಣನ ಮನೆ ಯಲಹಂಕದಲ್ಲಿ. ಮಗಳ ಮದುವೆಯ ಕರೆಯೋಲೆಯನ್ನು ಅವನು ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯದೆ ಕೊರಿಯರ್‌ನಲ್ಲಿ ಕಳಿಸಿದ. ಇಂಥ ಘೋರ ಅಪರಾಧಕ್ಕೆ ನಾನು ಆರು ವರ್ಷ ಮಾತು ಬಿಟ್ಟೆ. ಒಂದು ಸಂಜೆ ಅವನ ಫೋನ್ ಎರಡು ಸಲ ಬಂತು. ಹೆಸರು ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಮರುದಿನ ಅವನಿಲ್ಲ. ಆ ಎರಡು ಕರೆಯ ವಿಷಯವನ್ನು ಹೆಂಡತಿಗೂ ಹೇಳದೆ ಎರಡು-ಮೂರು ವರ್ಷ ಒಳಗಿಟ್ಟುಕೊಂಡಿದ್ದು, ಕೊನೆಗೆ ಬಳಗದಲ್ಲಿ ಬರೆದೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಹೆಬ್ಬಾಳದವರು ತಪ್ಪಿ ನಗುವ ಮುಖ ಒತ್ತಿ, ಆಮೇಲೆ ಕ್ಷಮೆ ಕೇಳಿದರು. ಗೊರಗುಂಟೆಪಾಳ್ಯದವರು ಮಾತ್ರ ಬರೆದರು: “ಆರ್.ಟಿ. ನಗರದವರ, ಒಂದ ತಾಟಿನ್ಯಾಗ ಉಂಡವರು ನೀವು. ನಿಮ್ಮ ಸಿಟ್ಟು ಎಷ್ಟಂತ ಅಣ್ಣಾವ್ರಿಗೆ ಗೊತ್ತಿರ್ತದ. ಅವರೇನ್ ಅದನ್ನ ಹೊತ್ಕೊಂಡ್ ಹೋಗಿಲ್ಲ ಬಿಡ್ರಿ.”

ಅದನ್ನು ಎಷ್ಟು ಸಲ ಓದಿದೆನೋ. ಅಂದಿನಿಂದ ದಿನಾ ಏನಾದರೂ ಬರೆದುಕೊಳ್ಳುತ್ತಿದ್ದೆವು. ಒಮ್ಮೆ ಭೇಟಿಯಾಗಬೇಕು ಎಂದು ಇಬ್ಬರೂ ವಾರಕ್ಕೊಮ್ಮೆ ನಿರ್ಣಯ ಅಂಗೀಕರಿಸುತ್ತಿದ್ದೆವು. ಇಲ್ಲಿಂದ ಅಲ್ಲಿಗೆ ಹೆಚ್ಚೆಂದರೆ ಒಂದು ಗಂಟೆಯ ದಾರಿ, ಅದೂ ಹೆಬ್ಬಾಳದ ಟ್ರಾಫಿಕ್ಕಿಗೆ ಮರ್ಯಾದೆ ಕೊಟ್ಟು ಹೇಳುವ ಲೆಕ್ಕ. ಎರಡು ವರ್ಷದಲ್ಲಿ ಆ ಒಂದು ಗಂಟೆ ನಮಗೆ ಸಿಗಲಿಲ್ಲ.

ಈ ವರ್ಷ ಅವರು ಬರೆಯುವುದು ನಿಂತಿತು. ಒಂದನೇ ತಾರೀಖು ಹಾಜರಿಯಿಲ್ಲ. ಮುಂದಿನ ತಿಂಗಳೂ ಇಲ್ಲ. ಫೋನ್ ಮಾಡಿ ಏನ್ರೀ ಸಮಾಚಾರ ಎಂದು ಕೇಳಬಹುದಿತ್ತು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ, ನಿಯಮ ಬರೆದವನು ನಾನೇ. ಜೊತೆಗೆ ಸ್ವಲ್ಪ ಮುನಿಸು: ಇಷ್ಟೆಲ್ಲ ಹೇಳಿಕೊಂಡ ಮೇಲೆ ನನಗೊಂದು ಮಾತು ತಿಳಿಸಬಾರದೆ? ಮೂರನೇ ತಿಂಗಳು ಬರೆದೆ: ‘ಸದರಿ ಸದಸ್ಯರು ಸತತ ಗೈರುಹಾಜರಾಗಿರುವ ಪ್ರಯುಕ್ತ ಬಳಗದಿಂದ ಕೈಬಿಡಲಾಗಿದೆ.’ ಬರೆದು, ಕೈಬಿಟ್ಟೆ. ಬೆರಳಿನಿಂದ ಒಂದು ಸಲ ಒತ್ತಿದರೆ ಸಾಕು ಸ್ವಾಮಿ, ಅಷ್ಟೇ ಕೆಲಸ.

ಆಮೇಲೆ ತಿಂಗಳೊಪ್ಪತ್ತು ಕಳೆದಿರಬೇಕು, ಅವರ ನಂಬರಿನಿಂದ ನನಗೊಬ್ಬನಿಗೇ ಸಂದೇಶ ಬಂತು. ಬರೆದವಳು ಅವರ ಮಗಳು. ಅಪ್ಪ ತೀರಿಕೊಂಡು ಹದಿನೈದು ದಿನವಾಯಿತು, ತಿಳಿಸಬೇಕೆನಿಸಿತು ಎಂದಿತ್ತು. ಕೆಳಗೆ ಮನೆಯ ವಿಳಾಸ. ಅದರ ಜೊತೆಗೇ ಮೊದಲ ಬಾರಿಗೆ ಅವರ ಹೆಸರು.

ಕಳೆದ ಭಾನುವಾರ ಹೋದೆ. ತುಮಕೂರು ರಸ್ತೆಯ ಸದ್ದು ಒಳಕ್ಕೂ ಕೇಳುವ ಮನೆ. ಮಗಳು ಚಾಪೆ ಹಾಸಿದಳು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಬಳಗದಿಂದ ಅವರನ್ನು ತೆಗೆದವನು ನಾನೇ ಎಂಬುದನ್ನೂ ಹೇಳಿದೆ, ಹೇಗೆ ಹೇಳಿದೆನೋ.

“ಗೊತ್ತದ ಕಾಕಾ,” ಅಂದಳು ಮಗಳು. “ದವಾಖಾನ್ಯಾಗ ಇದ್ದಾಗ ಅಪ್ಪ ಆರ್.ಟಿ. ನಗರದವರಿಗೆ ತಿಳಸು ಅಂದ. ಗ್ರೂಪಿನ್ಯಾಗ ಬರೀಬೇಕಂತ ನೋಡಿದ್ರ ತೆಗದ್ ಬಿಟ್ಟಿದ್ರಿ. ನಿಮ್ಮ ನಂಬರಿಗೇ ಹಾಕ್ತೀನಿ ಅಂದೆ. ಬ್ಯಾಡ ಅಂದ. ತೆಗದಾರಂದ್ರ ನಂದ ಏನರ ತಪ್ಪಾಗಿರ್ಬೇಕು, ಅವರಿಗ್ಯಾಕ ತ್ರಾಸು ಕೊಡೂದು ಅಂದ.”

ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ತಾಯಿ ಬೇರೆಯೇ ಒಂದು ಪ್ರಶ್ನೆ ಕೇಳಿದರು. ಅವರಿಗೆ ನನ್ನ ಕ್ಷಮೆ ಬೇಕಿರಲಿಲ್ಲ.

“ಯಾವಾಗ ನೋಡಿದ್ರೂ ಅದರಾಗ ಬರೀತಿದ್ರು. ನನ್ನ ಬಗ್ಗೆ ಏನರ ಬರದಿದ್ರೇನ್ರಿ?”

ಬರೆದಿದ್ದರು. ಬಳಗಕ್ಕೆಲ್ಲ ಗೊತ್ತಿತ್ತು. ಓದು ಬಾರದ ಆಕೆಗೊಬ್ಬಳಿಗೇ ಗೊತ್ತಿರಲಿಲ್ಲ. ಮಗಳು ತನ್ನ ಕೈಲಿ ಆಗುವುದಿಲ್ಲ ಎಂದು ಅಪ್ಪನ ಫೋನನ್ನು ನನ್ನ ಕೈಗಿಟ್ಟಳು. ಹುಡುಕಿ ಓದಿದೆ:

“ನಮ್ಮಾಕಿ ರೊಟ್ಟಿ ಬಡಿಯೂವಾಗ ಈ ಹಾಡ ಗುನುಗ್ತಿದ್ದಳು. ಎರಡನೇ ನುಡಿಗೆ ಯಾವಾಗ್ಲೂ ತಪ್ಪತಿದ್ದಳು. ಮೊದಲನೇ ಕೂಸು ಹೋದ ಮ್ಯಾಲೆ ಬರೇ ರೊಟ್ಟಿ ಸಪ್ಪಳ. ಇಪ್ಪತ್ತಾರು ವರ್ಷ ಆತು. ಇನ್ನೂ ಡ್ಯೂಟಿಗೆ ಹೋಗೂವಾಗ ಚಪ್ಪಲಿ ಹಾಕ್ಕೊಳ್ಳೂ ನೆವದಾಗ ಬಾಗಿಲಾಗ ಒಂದೀಟು ನಿಂದರ್ತೀನಿ. ಇವತ್ತರ ಗುನುಗ್ತಾಳೇನೋ ಅಂತ.”

ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು.

“ಚಪ್ಪಲಿ ಹಾಕ್ಕೊಳ್ಳಾಕ ಅಷ್ಟ್ಯಾಕ ಹೊತ್ತು, ಬಸ್ಸು ತಪ್ಪತದ ಅಂತ ದಿನಾ ಬೈತಿದ್ದೆ ನಾನು,” ಅಂದರು ಆಕೆ. ಆಮೇಲೆ, “ನನಗ ಹೇಳಿದ್ರ ಹಾಡ್ತಿದ್ದೆ.”

ಹೊರಡುವಾಗ ಹಿಂಡಿಯ ಡಬ್ಬಿ ಕೈಗಿಟ್ಟರು. ಅವರ ಗಂಡನನ್ನು ಕೈಬಿಟ್ಟವನಿಗೆ.

ಆನ್‌ಲೈನ್ ಸ್ನೇಹ ನಿಜವೋ ಸುಳ್ಳೋ ಎಂದು ನೀವು ಕೇಳಿದರೆ ನನ್ನಲ್ಲಿ ತೀರ್ಪಿಲ್ಲ. ಅಣ್ಣನ ಬಗ್ಗೆ ಅವರು ಬರೆದ ಆ ಮಾತಿನಿಂದ ನಾನು ಎಷ್ಟೋ ರಾತ್ರಿ ನಿದ್ದೆ ಮಾಡಿದ್ದೇನೆ, ಅದು ಸುಳ್ಳಲ್ಲ. ಅವರು ನನ್ನನ್ನು ನೆನೆದಾಗ ನಾನು ಇರಲಿಲ್ಲ, ಅದೂ ಸುಳ್ಳಲ್ಲ. ಬಳಗದಲ್ಲಿ ಅವರ ಸುದ್ದಿ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು. ಹಾಜರಿಯ ನಿಯಮ ತೆಗೆದೆ. ಅದನ್ನೂ ಯಾರೂ ವಿರೋಧಿಸಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋದೆ. ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ಸ್ವಲ್ಪ ಕೂತ್ಕೊ, ಒಂದು ಮಾತು ಹೇಳಬೇಕು ಎಂದೆ. ನನ್ನ ಬಾಯಲ್ಲಿ ಅಂಥ ಮಾತು ಕೇಳಿ ಅಭ್ಯಾಸವಿಲ್ಲದವಳು ಗಾಬರಿಯಾದಳು.

“ಯಾರಾದ್ರೂ ಹೋಗ್ಬಿಟ್ರೇನ್ರೀ?”

“ಹೂಂ. ಅಣ್ಣ.”

ಅವಳು ನನ್ನ ಮುಖವನ್ನೇ ನೋಡಿದಳು. “ಭಾವ ಹೋಗಿ ಐದು ವರ್ಷ ಆಯ್ತಲ್ರೀ.”

“ಹೌದು ಕಣೇ,” ಎಂದೆ. “ಹಿಂದಿನ ಸಂಜೆ ಅವನು ಫೋನ್ ಮಾಡಿದ್ದ. ಅದನ್ನೇ ಹೇಳ್ಬೇಕಾಗಿತ್ತು.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.