ಗಂಗಮ್ಮನ ಉಡಿಗೆ ಕಾಬಾಳೆ ಗೆಡ್ಡೆ

ಪೂಜೆಯ ದಿನ ಕೆರೆಯ ದಂಡೆಯಲ್ಲಿ ವಾಸನೆ ಇರಲಿಲ್ಲ.

ಇಷ್ಟು ಬರೆದು ನಿಲ್ಲಿಸಿದೆ. ನಿಜಕ್ಕೂ ಇರಲಿಲ್ಲವೇ? ಅಥವಾ ನನಗೆ ನೆಗಡಿಯಾಗಿತ್ತೇ? (ಆಗಿತ್ತು ಅನ್ನುತ್ತಾಳೆ ಹೆಂಡತಿ.) ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂದು ಯೂನಿವರ್ಸಿಟಿಯಲ್ಲಿ ಕಲಿತೆ. ಈಗೀಗ ಆ ಅನುಮಾನ ನನ್ನ ನೆನಪಿನ ಮೇಲೇ ತಿರುಗಿದೆ. ನೆನಪಿದ್ದಷ್ಟು ಹೇಳುತ್ತೇನೆ.

ನಮ್ಮಕ್ಕನದು ಹರಿಹರದ ಹತ್ತಿರದ ಒಂದು ಹಳ್ಳಿ. ಬಾಣಂತಿ ಮಗುವನ್ನೆತ್ತಿಕೊಂಡು ಕೆರೆಗೆ ಹೋಗಿ ಗಂಗೆ ಪೂಜೆ ಮಾಡಿ, ಕೊಡ ನೀರು ತರುವುದು ಅಲ್ಲಿನ ವಾಡಿಕೆ. ಆದರೆ ಊರಿನ ಬಚ್ಚಲ ನೀರೆಲ್ಲ ಅದೇ ಕೆರೆಗೆ ಹೋಗುತ್ತಿತ್ತು. ಹಾಗಾಗಿ ಹಿತ್ತಲ ನಲ್ಲಿಗೆ ಕುಂಕುಮ ಹಚ್ಚಿ ಪೂಜೆ ಮುಗಿಸುವಂತಾಗಿತ್ತು.

ಪಂಚಾಯ್ತಿಯವರು ಕೆರೆಯ ಮೇಲ್ಗಡೆ ಒಂದು ಶುದ್ಧೀಕರಣ ಘಟಕ ಕಟ್ಟಿಸಿದರು. ದೊಡ್ಡ ಮೆಷಿನ್ ಏನೂ ಇಲ್ಲ. ಕೊಳೆ ತಳಕ್ಕಿಳಿಯಲು ಒಂದು ತೊಟ್ಟಿ, ಆಮೇಲೆ ಜಲ್ಲಿ ತುಂಬಿದ ಹಾಸು, ಅದರ ತುಂಬ ಬಾಳೆಯಂಥ ಅಗಲ ಎಲೆಯ ಕಾಬಾಳೆ ಗಿಡ. ಜಲ್ಲಿ, ಬೇರುಗಳ ನಡುವೆ ನುಸುಳಿ ತಿಳಿಯಾದ ನೀರು ಕೆರೆಗೆ. ಕೆರೆ ಮೆಲ್ಲಗೆ ಸುಧಾರಿಸಿತು. ಅದೇ ಹೊತ್ತಿಗೆ ಅಕ್ಕನ ಸೊಸೆ ಹೆತ್ತಳು. ಈ ಸಲ ಪೂಜೆ ಕೆರೆಯಲ್ಲೇ ಎಂದು ಅಕ್ಕ ಓಣಿಗೆಲ್ಲ ಸಾರಿಬಿಟ್ಟಳು.

ಸಾರಿದ್ದೇ ತಡ, ನೀರು ಮತ್ತೆ ನಾರತೊಡಗಿತು.

ಆಗಿದ್ದಿಷ್ಟೆ. ಕಾಬಾಳೆ ಕೆಂಪು ಹೂ ಬಿಟ್ಟಿತ್ತು. ಚಂದದ ಗಿಡ ಕಂಡರೆ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಒಂದು ಗೆಡ್ಡೆ ಕಿತ್ತರೆ ಏನಾದೀತು ಎಂದು ಪ್ರತಿಯೊಬ್ಬರೂ ಒಂದೊಂದು ಕಿತ್ತು ಮನೆ ಮುಂದೆ ನೆಟ್ಟಿದ್ದರು. ಊರು ಹೂದೋಟವಾಯಿತು, ಘಟಕದಲ್ಲಿ ಬರೀ ಜಲ್ಲಿ ಉಳಿಯಿತು.

"ಅತ್ತೆ, ಆ ನಾತದಾಗ ನಾನು ಕೂಸು ಕರ್ಕಂಡು ಬರಲ್ಲ. ನಲ್ಲೀನೇ ಸಾಕು," ಅಂದಳು ಸೊಸೆ. ಅಕ್ಕನ ಮುಖ ಸಣ್ಣದಾಯಿತು.

ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಘಟಕ ನೋಡಿಕೊಳ್ಳುವ ಗಿರಿಜಮ್ಮ ಬಂದವಳೇ, "ಕಿತ್ತೋರ ಹೆಸ್ರು ಮೈಕಿನಾಗ ಕೂಗಿಸ್ತೀನ್ರಿ," ಅಂದಳು.

"ಮೊದ್ಲು ನನ್ನ ಹೆಸ್ರೇ ಕೂಗ್ಸು," ಅಂದಳು ಅಕ್ಕ. ಕಟ್ಟೆ ಪಕ್ಕದಲ್ಲೇ ಅವಳ ಕಾಬಾಳೆ ಅರಳಿ ನಿಂತಿತ್ತು. "ಕದ್ದೀರಿ ಅಂದ್ರೆ ಒಬ್ರೂ ತರಲ್ಲ ಗಿರಿಜಾ. ಗಂಗಮ್ಮಗೆ ಉಡಿ ತುಂಬೋದೈತೆ, ಗೆಡ್ಡೆ ತರ್ರಿ ಅನ್ನು. ಯಾರು ಇಲ್ಲ ಅಂತಾರೆ ನೋಡಾಣ."

"ದೇವ್ರಿಗೆ ಕೊಡೋದ್ರಾಗೂ ಕಂಜೂಸ್‌ತನ ಮಾಡೋರು ಅದಾರೆ."

"ಎದುರು ಮನೆಯಾಕಿ ಎರಡು ತಂದ್ರೆ ಅವ್ರು ಮೂರು ತರ್ತಾರೆ ಬಿಡು."

(ಈ ಉಪಾಯ ನನ್ನದೇ ಎಂದು ಬಹಳ ದಿನ ನನಗೆ ನೆನಪಿತ್ತು. ಹೇಳಿದಾಗ ಅಕ್ಕ ನಕ್ಕಳು. ಅವಳದೇ ಇರಬೇಕು.)

ಶುಕ್ರವಾರ ಹೆಂಗಸರು ಸಾಲಾಗಿ ಬಂದರು. ಸೆರಗಿನಲ್ಲಿ ಅಕ್ಕಿ, ಎಲೆ ಅಡಿಕೆ, ಅರಿಶಿನದ ಕೊಂಬು, ಜೊತೆಗೆ ಮಣ್ಣು ಮೆತ್ತಿದ ಗೆಡ್ಡೆ. ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ. ಗಿರಿಜಮ್ಮ ಒಂದೊಂದನ್ನೂ ಜಲ್ಲಿಯಲ್ಲಿ ಊರಿದಳು. ಮಳೆಗಾಲ ನೋಡಿ, ಬೇಗ ಚಿಗುರಿತು. ಮಗುವಿಗೆ ಕುತ್ತಿಗೆ ನಿಲ್ಲುವ ಹೊತ್ತಿಗೆ ಸೊಸೆ ತಾನೇ ಕೆರೆ ನೋಡಿ ಬಂದು, "ನಡೀರಿ ಅತ್ತೆ," ಅಂದಳಂತೆ.

ಪೂಜೆ ಮುಗಿಸಿ ಅವಳು ಕೊಡ ಹೊತ್ತು ದಂಡೆ ಹತ್ತುವಾಗ ನನಗೂ ಮನಸ್ಸು ತುಂಬಿ ಬಂತು. "ನಿಮ್ಮೂರಿನೋರು ಪುಣ್ಯವಂತರು ಅಕ್ಕಾ," ಅಂದೆ.

"ನಾವಷ್ಟೇ ಏನೋ ತಮ್ಮಾ? ಕೆರೆ ಕೋಡಿ ಬಿದ್ರೆ ನೀರು ಹಳ್ಳ ಹಿಡ್ದು ಹೊಳೆಗೆ ಹೋಗ್ತೈತೆ. ಅದೇ ಹೊಳೆ ನೀರು ನಿಮ್ಮ ದಾವಣಗೆರೆಗೂ ಬರೋದು. ನೀನಿರೋ ದೇವರಾಜ ಅರಸು ಬಡಾವಣೆಯೋರು ಅದನ್ನ ಕುಡಿಯಲ್ಲೇನು?"

ಅಕ್ಕನ ಮಾತನ್ನೂ ಪರೀಕ್ಷೆ ಮಾಡದೆ ಬಿಟ್ಟರೆ ನಾನೆಂಥ ಸಂದೇಹಿ? ಮುಂದಿನ ಭಾನುವಾರ ಬೈಕ್ ತೆಗೆದುಕೊಂಡು ಹಳ್ಳದ ಗುಂಟ ಹೊರಟೆ. ಮನೆಗೆ ಬಂದು ಒಂದು ಲೋಟ ನೀರು ಕುಡಿಯುವಾಗ ಆ ಹೆಂಗಸರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆ ಹಳ್ಳ ತುಂಗಭದ್ರೆ ಸೇರುವುದು ನಮ್ಮ ನಗರಕ್ಕೆ ನೀರೆತ್ತುವ ಜಾಗಕ್ಕಿಂತ ಮೇಲೆಯೇ. ಇದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.