ಬೋರಯ್ಯನ ವಯೋಲಾ ಪಾತಿ

ಗುಂಡ್ಲುಪೇಟೆಯ ಮುಸಾಫಿರ್ ಬಂಗಲೆಯ ಮಾಲಿ ಬೋರಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಲಿ. ಹದಿನಾರು ವರ್ಷ ಆ ತೋಟ ಕಾದವನಿಗೆ ಕೋಪ ಬರದೆ ಇನ್ನೇನು ಬಂದೀತು? ಊಟಿಗೆ ಹೋಗುವ ಕಾರುಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು. ಇಳಿದವರು ಕಾಫಿ ಕುಡಿದು, ಲೋಟದ ಗಸಿಯನ್ನು ಗುಲಾಬಿ ಬುಡಕ್ಕೆ ಚೆಲ್ಲಿ, ಹೋಗುವಾಗ ಎರಡು ಹೂವನ್ನೂ ಕಿತ್ತುಕೊಳ್ಳುತ್ತಿದ್ದರು. ಹರದನಹಳ್ಳಿಯ ಅಪ್ಪನ ಹೊಲದಲ್ಲಾದರೆ, ದನ ನುಗ್ಗಿದರೆ ಕೋಲು ಹಿಡಿದು ಅಟ್ಟಬಹುದಿತ್ತು. ಇವರನ್ನು ಅಟ್ಟುವ ಹಾಗೂ ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆಯಲ್ಲಿ ಮೈಸೂರಿನ ಇಂಜಿನಿಯರ್ ಸಾಹೇಬರು ಊಟಿಯಿಂದ ಹಿಂದಿರುಗುತ್ತ ಎರಡು ಬೀಜದ ಪೊಟ್ಟಣ ತಂದು ಅವನ ಮುಂದಿಟ್ಟರು. ಒಂದರ ಮೇಲೆ ಅಂಗೈಯಗಲದ ಹೂವಿನ ಚಿತ್ರ. ಇನ್ನೊಂದರ ಮೇಲಿನದು ಎಂಟಾಣೆ ಬಿಲ್ಲೆಯಷ್ಟು ಪುಟ್ಟದು, ನೇರಳೆ ಬಣ್ಣದ್ದು, ನಡುವೆ ಹಳದಿ. ಅದರ ಹೆಸರು ವಯೋಲಾ.

"ಒಂದು ಆರಿಸ್ಕೋ. ಯಾವುದೂ ಈ ಬಿಸಿಲಿಗೆ ಬರೋದಿಲ್ಲ, ಅದು ಬೇರೆ ಮಾತು," ಎಂದರು ಸಾಹೇಬರು. "ಬರಲಿಲ್ಲ ಅಂದ್ರೆ ಆ ಹೊಂಗೆಮರದ ಪಕ್ಕದ ಪಾತಿಗೆ ಕಲ್ಲು ಹಾಸಿಸಿ ಕಾರು ನಿಲ್ಲಿಸೋಕೆ ಜಾಗ ಮಾಡಿಸ್ತೀನಿ."

ಬೋರಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ತೋಟದ ಒಳ್ಳೆಯ ಮಣ್ಣೆಲ್ಲ ಇದ್ದದ್ದು ಆ ಪಾತಿಯಲ್ಲೇ. ದೊಡ್ಡ ಹೂವಾದರೆ ಬಿಸಿಲಿಗೆ ಬೇಗ ಸೊರಗುತ್ತದೆ ಎಂದುಕೊಂಡು ಚಿಕ್ಕದನ್ನೇ ಎತ್ತಿಕೊಂಡ.

ಆಯುಧಪೂಜೆ ಕಳೆದು ಮಳೆ ಹಿಂತೆಗೆಯುವವರೆಗೆ ಪೊಟ್ಟಣ ಬಿಚ್ಚಲಿಲ್ಲ. ಆಮೇಲೆ ಎಲೆಗೊಬ್ಬರಕ್ಕೆ ಮರಳು ಬೆರೆಸಿ, ಕುಂಡಗಳಲ್ಲಿ ಬೀಜ ಉದುರಿಸಿ, ಒದ್ದೆ ಗೋಣಿ ಹೊದಿಸಿದ. ಅರ್ಧ ಬೀಜವನ್ನು ಇರುವೆಗಳು ಹೊತ್ತುಕೊಂಡು ಹೋದವು. ಅವುಗಳನ್ನೂ ಬಾಯ್ತುಂಬ ಬೈದು, ಉಳಿದ ಕುಂಡಗಳ ಸುತ್ತ ಬೂದಿ ಸುರಿದ. ಸಸಿಗಳಿಗೆ ನಾಲ್ಕೆಲೆ ಬಂದಾಗ ಕಿತ್ತು, ಮಧ್ಯಾಹ್ನ ಹೊಂಗೆಮರದ ನೆರಳು ಬೀಳುವ ಆ ಪಾತಿಯಲ್ಲೇ ನೆಟ್ಟ.

"ವಾಸ್ನಿಲ್ಲ, ಮುಡಿಯಕಾಗಲ್ಲ, ಇದೂ ಒಂದ್ ಊವ್ವಾ?" ಎಂದು ಹೆಂಡತಿ ಪುಟ್ಟಮಾದಮ್ಮ ನಕ್ಕಳು.

"ನೋಡಕ್ಕೆ ಕಣಮ್ಮಿ. ನೋಡಕ್ಕೆ ಮಾತ್ರ," ಎಂದ ಬೋರಯ್ಯ.

ಸಂಕ್ರಾಂತಿಯ ಹೊತ್ತಿಗೆ ಪಾತಿಯಲ್ಲಿ ಎಲೆ ಕಾಣದಷ್ಟು ಹೂ ಬಿಟ್ಟವು. ಗುರುವಾರ ಸಾಹೇಬರು ಬರುತ್ತಾರೆಂದು ಕಾಗದ ಬಂತು. ಬೋರಯ್ಯನಿಗೆ ಹಿಡಿಸಲಾರದ ಸಂತೋಷ. ಅಂಥ ಹೂವಿನ ಪಕ್ಕದಲ್ಲಿ ಕುರುಚಲು ಗಡ್ಡದವನು ನಿಲ್ಲಬಾರದೆಂದು ಆ ಗುರುವಾರ ಬೆಳಿಗ್ಗೆಯೇ ಕ್ಷೌರಕ್ಕೆ ಹೋದ. ಅಲ್ಲಿ ಆರು ಜನ ಕಾದಿದ್ದರು.

ನುಣ್ಣನೆಯ ಗಲ್ಲ ಸವರಿಕೊಂಡು ಬಂದು ನೋಡಿದರೆ ಪಾತಿಯಲ್ಲಿ ಬರೀ ಹಸಿರು. ಒಂದೇ ಒಂದು ಹೂವಿಲ್ಲ.

ಜಗಲಿಯ ಮೇಲೆ ಹೂ ಕಟ್ಟುವ ಪುಟ್ಟಸಿದ್ದಮ್ಮ ಕೂತಿದ್ದಳು. ಅವಳ ಮಡಿಲ ತುಂಬ ನೇರಳೆ ಬಣ್ಣದ ಹಾರ. "ತೊಟ್ಟು ನಾರ್ಗ ನಿಲ್ಲಲ್ಲ ಕಣಣ್ಣ, ಸೂಜೀಲಿ ಪೋಣಿಸ್ಬುಟ್ಟೆ," ಎಂದಳು. ಪಕ್ಕದಲ್ಲಿ ಬಂಗಲೆಯ ಓವರ್‌ಸಿಯರ್ ಗುರುಮಲ್ಲಯ್ಯ ಹೆಮ್ಮೆಯಿಂದ ನಿಂತಿದ್ದ.

"ಸಾಹೇಬ್ರು ಆಸೆಪಟ್ಟು ಕೊಟ್ಟ ಊವ. ಅದರ್ದೇ ಆರ ಆಕುದ್ರೆ ಎಷ್ಟ್ ಖುಸಿ ಆಯ್ತದೆ ಯೋಳು!" ಎಂದ.

ಬೋರಯ್ಯ ಮೂರು ತಿಂಗಳು ಇರುವೆಯಿಂದ, ದನದಿಂದ, ಕಾರಿನವರಿಂದ ಕಾಪಾಡಿದ್ದ. ಮರ್ಯಾದೆ ಮಾಡುವವರಿಂದ ಕಾಪಾಡಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಗುರುಮಲ್ಲಯ್ಯ ಹಾರ ಹಾಕಿದ. ಸಾಹೇಬರು ಎಲ್ಲ ದೊಡ್ಡವರಂತೆ ಅದನ್ನು ನೋಡದೆಯೇ ಕತ್ತಿನಿಂದ ತೆಗೆದು ಜವಾನನ ಕೈಗಿತ್ತು, ನೇರ ಪಾತಿಯ ಬಳಿಗೆ ನಡೆದರು.

"ನಾನು ಹೇಳಲಿಲ್ಲವೇ? ಬರೀ ಎಲೆ. ಹೂವೇ ಬಿಡಲಿಲ್ಲ ಅಲ್ಲವೇ, ಓವರ್‌ಸಿಯರ್?"

ಗುರುಮಲ್ಲಯ್ಯನಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ತಿಳಿದವನು ನಿಜ ಹೇಳಬೇಡವೇ? ಹೇಳಲಿಲ್ಲ. "ಹೌದು ಸಾರ್, ಬಿಡಲಿಲ್ಲ," ಎಂದುಬಿಟ್ಟ!

ಬೋರಯ್ಯನಿಗೆ ತಡೆಯಲಾಗಲಿಲ್ಲ. ಜವಾನನ ಕೈಯಿಂದ ಹಾರ ಕಿತ್ತುಕೊಂಡು ಬಂದು ಪಾತಿಯ ಮೇಲೆ ಉದ್ದಕ್ಕೂ ಹಾಸಿದ.

"ಬುಡ್ನಿಲ್ವಾ ಬುದ್ಧಿ? ಇದೇನ ನೋಡಿ! ಇಷ್ಟೂ ನನ್ ಪಾತೀದೆಯ. ನೀವು ನೋಡ್ಲಿ ಅಂತ ಬೆಳುದ್ದೆ. ನಿಮ್ ಕತ್ಗೇ ಆಕುದ್ರು, ನೀವೂ ನೋಡ್ನಿಲ್ಲ!"

ಸಾಹೇಬರು ಬಗ್ಗಿ, ಬಾಡುತ್ತಿದ್ದ ಒಂದು ಹೂವನ್ನು ಬೆರಳಿನಿಂದ ಬಿಡಿಸಿ ನೋಡಿದರು. ನೇರಳೆ, ನಡುವೆ ಹಳದಿ.

"ಕಲ್ಲು ಹಾಸೋದು ಬೇಡ," ಎಂದರು. "ಮತ್ತೆ ಯಾವಾಗ ಬಿಡುತ್ತೆ ಬೋರಯ್ಯ? ನೋಡೋಕೆ ಬರ್ತೀನಿ."

ಬೋರಯ್ಯ ಮಂಡಿಯೂರಿ ಎಲೆ ಸರಿಸಿ, ಕೆಳಗಿದ್ದ ಮೊಗ್ಗುಗಳನ್ನು ತೋರಿಸಿದ.

"ಇನ್ನೆಂಟೇ ದಿನ ಬುದ್ಧಿ. ಬನ್ನಿ. ಆದ್ರ ಬತ್ತೀನಿ ಅಂತ ಇವರ್ಗ್ಯಾರ್ಗೂ ಯೋಳ್ಬ್ಯಾಡಿ."